ಕರಕರ ಸದ್ದಿನ ಹಾಡು

"ನಿನ್ನ ಕೈ ಕೆಟ್ಟುಹೋಗಿದೆ ಕಣೇ. ಒಪ್ಕೊ. ಒಪ್ಕೊಂಡ್ರೆ ಬಾಯೇನು ಸವೆದುಹೋಗಲ್ಲ."

"ನನ್ನ ಕೈಗೇನೂ ಆಗಿಲ್ಲ."

"ಮತ್ತೆ ಈ ಕರಕರ ಎಲ್ಲಿಂದ ಬಂತು? ನಿಮ್ಮತ್ತಿಗೆ ಅಡುಗೆಮನೆಯಿಂದ ಬಂತಾ?"

"ಮಧ್ಯ ನನ್ನನ್ಯಾಕೆ ಎಳೀತೀರಿ," ಎಂದಳು ಊಟದ ಡಬ್ಬಿ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ನನ್ನ ಅಡುಗೆಮನೇಲಿ ಕರಕರ ಅನ್ನೋದು ಒಂದೇ, ನಿಮ್ಮ ಬಾಯಿ."

"ಎರಡು ಸಲ ಸುತ್ತಿದೀನಿ ಅಣ್ಣ. ಎರಡು ಸಲಾನೂ ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಮ್ಮಿ ಇಲ್ಲ. ಸುತ್ತಿದವಳು ನಾನು, ಕೂರಿಸಿದವನು ನೀನು."

"ಓಹೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಅಣ್ಣ ಸ್ಪೀಕರಿನಿಂದ ಬಿಚ್ಚಿದ ತಂತಿಯ ಕಾಯಿಲನ್ನು ಮೇಜಿನ ಮೇಲೆ ಕುಕ್ಕಿದ. ಅದು ಉರುಳಿಕೊಂಡು ಹೋಗಿ ಅಂಟಿನ ಡಬ್ಬಕ್ಕೆ ತಗುಲಿ ನಿಂತಿತು. "ಇನ್ನೊಂದೇ ಸಲ. ಇದೇ ಕೊನೆ. ಆಮೇಲೆ ಆ ಯಂತ್ರ ಮುಟ್ಟಬೇಡ. ಫ್ಯಾಕ್ಟರಿಯಿಂದ ರೆಡಿ ಕಾಯಿಲ್ ತರಿಸ್ತೀನಿ. ನೀನು ನಿಮ್ಮತ್ತಿಗೆ ಜೊತೆ ಮನೇಲಿರು."

"ನನಗೆ ಯಾರೂ ಬೇಡ," ಎಂದಳು ಅತ್ತಿಗೆ. "ಇರೋ ಒಬ್ಬರೇ ಸಾಕಾಗಿದ್ದಾರೆ."

ತಂಗಿ ಕಾಯಿಲನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು.

ಹನ್ನೊಂದು ವರ್ಷದ ಹಿಂದೆ ಒಂದು ಚೀಲ ಹಿಡಿದು ಗಂಡನ ಮನೆ ಬಿಟ್ಟು ಬಂದಾಗ ಅವಳನ್ನು ಒಂದು ಮಾತೂ ಕೇಳದವನು ಈ ಅಣ್ಣನೊಬ್ಬನೇ. ನೆಂಟರಿಷ್ಟರು, ಓಣಿಯವರು, ದಾರಿಯಲ್ಲಿ ಹೋಗುವವರು ಎಲ್ಲರೂ ಕೇಳಿದರು. ಅವನು ಮಾತ್ರ ಬೆಳಿಗ್ಗೆ ಟೀ ಕುಡಿದ ಮೇಲೆ ಅವಳನ್ನು ಅಂಗಡಿಯ ಒಳಕೋಣೆಗೆ ಕರೆದುಕೊಂಡು ಹೋಗಿ, ಕಿಟಕಿಯ ಕೆಳಗೆ ಮೇಜಿಗೆ ಬಿಗಿದಿದ್ದ ಸುತ್ತುವ ಯಂತ್ರದ ಮುಂದೆ ಸ್ಟೂಲು ಎಳೆದು, "ಎಣಿಸೋಕೆ ಬರುತ್ತಾ?" ಎಂದಿದ್ದ. "ಬರುತ್ತೆ." "ಹಾಗಿದ್ರೆ ಕೂತ್ಕೊ." ಅಷ್ಟೇ. ಅಂದಿನಿಂದ ಅವಳು ಆ ಸ್ಟೂಲಿನಿಂದ ಎದ್ದಿರಲಿಲ್ಲ ಎಂದರೂ ಸರಿಯೆ. ಅಂಗಡಿ ಸ್ಪೀಕರ್ ರಿಪೇರಿಯದು. ಬೀದಿಯವರು ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ಅವಳನ್ನು ಕಾಯಿಲಕ್ಕ ಎನ್ನತೊಡಗಿದರು. ಮೊದಮೊದಲು ತಮಾಷೆಗೆ ಅಂದದ್ದು, ಬರುಬರುತ್ತಾ ಅದೇ ಹೆಸರಾಯಿತು. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಅದೇ ಅವಳಿಗೆ ಹೆಚ್ಚು ಹಿಡಿಸಿತ್ತು, ಯಾಕೆಂದರೆ ಅದನ್ನು ಅವಳೇ ದುಡಿದು ಗಳಿಸಿದ್ದಳು.

ಕೆಲಸ ಹೀಗೆ. ಸ್ಪೀಕರಿನ ಕಾಗದದ ಕೋನಿನ ಬುಡದಲ್ಲಿ ಒಂದು ಸಣ್ಣ ಉರುಳೆ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಅದೇ ಕಾಯಿಲ್. ಅದು ಮ್ಯಾಗ್ನೆಟ್ಟಿನ ಸಂದಿಯಲ್ಲಿ ಎಲ್ಲಿಗೂ ತಾಗದೆ ಆಡಬೇಕು. ಕೂದಲಿನಷ್ಟು ವಾಲಿದರೂ ಸಾಕು, ಕರಕರ ಎಂದು ಉಜ್ಜುತ್ತದೆ. ತಂತಿ ಸುತ್ತುವುದು ತಂಗಿಯ ಕೆಲಸ. ಕೂರಿಸಿ ಅಂಟು ಹಾಕುವುದು ಅಣ್ಣನ ಕೆಲಸ. ಒಂದು ದಿನ ಅಂಟು ಒಣಗಬೇಕು. ಆಮೇಲೆ ಹಾಡು ಹಾಕಿ ಕೇಳುವುದು, ಅದೂ ಅಣ್ಣನದೇ. ಕೇಳಿ, ಸರಿಯಿದೆ ಎನಿಸಿದರೆ ಮ್ಯಾಗ್ನೆಟ್ಟಿನ ಬೆನ್ನ ಮೇಲೆ ಬಿಳಿ ಬಣ್ಣದ ಪೆನ್ನಿನಲ್ಲಿ ಸಹಿ ಹಾಕುತ್ತಿದ್ದ. ಆ ಸಹಿ ಇದ್ದ ಸ್ಪೀಕರನ್ನು ಯಾರೂ ಮರುಪ್ರಶ್ನೆ ಕೇಳದೆ ಒಯ್ಯುತ್ತಿದ್ದರು.

ಕಳೆದ ಆರು ತಿಂಗಳಲ್ಲಿ ಸಹಿ ಇದ್ದ ನಾಲ್ಕು ಸ್ಪೀಕರುಗಳು ವಾಪಸ್ ಬಂದಿದ್ದವು. ನಾಲ್ಕಕ್ಕೂ ಒಂದೇ ದೂರು, ಕರಕರ. ಮೊದಲನೆಯದು ಬಂದಾಗ ಅಣ್ಣ ಸುಮ್ಮನಿದ್ದ. ಎರಡನೆಯದು ಬಂದಾಗ, "ಸುತ್ತು ಸಡಿಲವಾಗಿದೆ," ಎಂದ. ಮೂರನೆಯದರ ಹೊತ್ತಿಗೆ ಗಿರಾಕಿಗಳ ಎದುರೇ, "ಏನು ಮಾಡೋದು, ತಂಗಿ ಕೈ ಮೊದಲಿನಂತಿಲ್ಲ, ವಯಸ್ಸಾಯ್ತಲ್ಲ," ಎನ್ನತೊಡಗಿದ. ಅವಳಿಗೆ ನಲವತ್ತೆರಡು, ಅವನಿಗೆ ಐವತ್ತಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆದರೆ ಎತ್ತಿಗೆ ಜ್ವರ ಬಂದಿದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ. ಅವಳು ನಿಜವಾಗಿಯೂ ತನ್ನ ಬೆರಳುಗಳನ್ನು ಅನುಮಾನಿಸಿದ್ದಳು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳು.

ಅಷ್ಟರಲ್ಲಿ ಬಂದದ್ದು ಕುಣಿತದ ಮೇಡಂನ ಜೋಡಿ ಸ್ಪೀಕರು.

ಮೇಡಂ ಮುಂದಿನ ತಿರುವಿನಲ್ಲಿ ಮಹಡಿಯ ಮೇಲೊಂದು ಹಾಲ್ ಹಿಡಿದು ಹೆಂಗಸರಿಗೆ ಕುಣಿತ ಕಲಿಸುತ್ತಿದ್ದರು. ಮೈ ಇಳಿಸಬೇಕೆಂದು ಬಂದವರು, ಮನೆಯಿಂದ ಒಂದು ಗಂಟೆ ತಪ್ಪಿಸಿಕೊಂಡು ಬಂದವರು, ಇಂಥವರೇ ಜಾಸ್ತಿ. ಎರಡೂ ಸ್ಪೀಕರುಗಳ ಕಾಯಿಲ್ ಸುಟ್ಟುಹೋಗಿತ್ತು. ಕೊಡುವಾಗ ಮೇಡಂ ಒಂದು ಪೆನ್‌ಡ್ರೈವನ್ನೂ ಮೇಜಿನ ಮೇಲಿಟ್ಟರು.

"ಮಾಸ್ಟರ್, ಇದರಲ್ಲಿರೋ ಹಾಡು ಹಾಕಿ ಟೆಸ್ಟ್ ಮಾಡಿ. ನಿಮ್ಮ ಆ ಹಳೇ ಹಾಡು ಬೇಡ. ಇವು ಸರಿಯಾಗಿ ಕೇಳಿದ್ರೆ ನನಗೆ ಸಾಕು."

"ಏನಿವು?"

"ಎಲ್ಲಾ ಆಫ್ರಿಕಾದ ಹೆಂಗಸರು ಹಾಡಿರೋದು. ಹಳೇ ಕಾಲದವರಲ್ಲ, ಈಗ ಹಾಡ್ತಿರೋರು. ಇಪ್ಪತ್ತೆರಡು ಹಾಡಿದಾವೆ. ಒಂದೊಂದೂ ಒಂದೊಂದು ದೇಶದ್ದು."

"ಹಾಡು ಯಾವುದಾದ್ರೇನು ಮೇಡಂ, ಸ್ಪೀಕರಿಗೆ ದೇಶ ಭಾಷೆ ಗೊತ್ತಾಗುತ್ತಾ," ಎಂದ ಅಣ್ಣ. ನಗುತ್ತಲೇ ಅಂದರೂ ಮಾತು ಚುಚ್ಚಿತ್ತು. ಮೂವತ್ತು ವರ್ಷದಿಂದ ಅವನ ಪರೀಕ್ಷೆಯ ಹಾಡು ಒಂದೇ, ಅವನ ಹರೆಯದ ಕಾಲದ ಒಂದು ಸಿನಿಮಾ ಹಾಡು. ಅದರಲ್ಲಿ ತಬಲಾ ಎಲ್ಲಿ ಬರುತ್ತದೆ, ಕೊಳಲು ಎಲ್ಲಿ ಏರುತ್ತದೆ, ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಲ್ಲವೂ ಅವನಿಗೆ ಬಾಯಿಪಾಠ. ಅಂಗಡಿಯ ಗೋಡೆಗೂ ಬಾಯಿಪಾಠ.

ಮೊದಲ ಸಲ ಕಾಯಿಲ್ ಸುತ್ತಿ, ಕೂರಿಸಿ, ಅಂಟು ಒಣಗಿಸಿ ಮೇಡಂನ ಹಾಡು ಹಾಕಿದಾಗ ತಂಗಿ ಒಳಗೆ ತಂತಿ ಹಿಡಿದು ಕೂತಿದ್ದಳು. ಎರಡು ಹಾಡು ಮುಗಿದವು. ಮೂರನೆಯದರಲ್ಲಿ ಸಣ್ಣ ಕಬ್ಬಿಣದ ಪಟ್ಟಿಗಳನ್ನು ಉಗುರಿನಿಂದ ಮೀಟಿದಂಥ ನಾದ ಶುರುವಾಯಿತು. ತೊಟ್ಟಿಕ್ಕುವ ನೀರಿನ ಹಾಗೆ ನಿಲ್ಲದ ನಾದ. ಅದರ ಬೆನ್ನಿಗೇ ಅಂಟಿಕೊಂಡಂತೆ ಕರಕರ. ಐದನೆಯದೂ ಆಯಿತು ಎಂದುಕೊಂಡು ಎದ್ದು ಹೊರಗೆ ಬಂದಳು.

"ಅಣ್ಣ, ಕರಕರ ಅಂತಿದೆಯಲ್ಲ."

ಅಣ್ಣ ಕೋನಿನ ಮೇಲೆ ಐದು ಬೆರಳು ಹರಡಿಟ್ಟು ಮೆಲ್ಲಗೆ ಒತ್ತಿದ. ಕಾಯಿಲ್ ಉಜ್ಜುತ್ತಿದ್ದರೆ ಕೈಗೆ ಸಿಗುತ್ತದೆ. ಸಿಕ್ಕಂತೆ ಕಾಣಲಿಲ್ಲ. ಹುಬ್ಬು ಗಂಟಿಕ್ಕಿ ತಂಗಿಯ ಮುಖ ನೋಡಿದ, ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ.

"ಹೂಂ. ಅಂತಿದೆ," ಎಂದ. "ಸುತ್ತು ಸಡಿಲ. ಬಿಚ್ಚು."

ಬಿಚ್ಚಿದರು. ಎರಡನೆಯ ಸಲವೂ ಅದೇ ಕರಕರ. ಆ ಜಗಳವೇ ಮೊದಲು ಹೇಳಿದ್ದು. ಮೂರನೆಯ ಸಲ ಅವಳು ಉಸಿರು ಬಿಗಿಹಿಡಿದು ಸುತ್ತಿದಳು. ಮಗುವಿಗೆ ಬಟ್ಟೆ ತೊಡಿಸುವಷ್ಟು ಹುಷಾರಾಗಿ ಎಳೆಯ ಪಕ್ಕ ಎಳೆ ಕೂರಿಸಿದಳು. ಹೊರಗೆ ಬೈಕಿನ ಸದ್ದು ಬಂದರೆ ಕೈ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸಿದಳು. ಈ ಯಂತ್ರ ಕೈ ತಪ್ಪಿದರೆ ತನಗೆ ಉಳಿಯುವುದು ಅತ್ತಿಗೆಯ ಅಡುಗೆಮನೆಯ ಮೂಲೆ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಅತ್ತಿಗೆ ಕೆಟ್ಟವಳಲ್ಲ. ಆದರೆ ಕಾಯಿಲಕ್ಕ ಮತ್ತೆ ಬರೀ ಗಂಡ ಬಿಟ್ಟವಳಾಗಿಬಿಡುತ್ತಾಳೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಣ್ಣ ಮತ್ತೆ ಹಾಡು ಹಾಕಿದ. ಕಣ್ಣು ಮುಚ್ಚಿ, ತಲೆ ವಾಲಿಸಿ, ಒಂದು ಕೈಯನ್ನು ಗಾಳಿಯಲ್ಲಿ ಎತ್ತಿ ಕೇಳಿದ. ಕಬ್ಬಿಣದ ಪಟ್ಟಿಗಳು ಮೀಟಿದವು. ಆ ಹೆಂಗಸು ಹಾಡಿದಳು.

"ನೋಡಿದ್ಯಾ, ಹೋಯ್ತು," ಎಂದ. "ಶುದ್ಧ. ಮನಸ್ಸಿಟ್ಟು ಸುತ್ತಿದ್ರೆ ಹೀಗಾಗುತ್ತೆ." ಪೆನ್ನು ತೆಗೆದು ಎರಡೂ ಮ್ಯಾಗ್ನೆಟ್ಟಿನ ಮೇಲೆ ಸಹಿ ಹಾಕಿದ.

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕರಕರ ಎಲ್ಲಿಗೂ ಹೋಗಿರಲಿಲ್ಲ. ಮೊದಲ ದಿನ ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು.

"ಹೋಯ್ತಾ?" ಎಂದಳು.

"ಕಿವೀಲಿ ಹತ್ತಿ ಇಟ್ಕೊಂಡಿದ್ಯಾ?" ಎಂದು ಅವನು ಊಟಕ್ಕೆ ಮನೆಗೆ ಹೊರಟ. ಉಂಡು ಅರ್ಧ ಗಂಟೆ ಅಡ್ಡಾಗುವುದು ಅವನ ಪದ್ಧತಿ.

ಅಂಗಡಿಯ ಮೂಲೆಯಲ್ಲಿ ಅವರದೇ ಒಂದು ಸ್ಪೀಕರ್ ಪೆಟ್ಟಿಗೆ ಇತ್ತು, ರೇಡಿಯೋ ಕೇಳಲು ಇಟ್ಟುಕೊಂಡದ್ದು. ಹನ್ನೊಂದು ವರ್ಷದಲ್ಲಿ ಅದು ಒಂದು ದಿನವೂ ಕರಕರ ಅಂದದ್ದಿಲ್ಲ. ಪೆನ್‌ಡ್ರೈವ್ ಕಿತ್ತು ಅದಕ್ಕೆ ಹಾಕಿ ಮೂರನೆಯ ಹಾಡು ಒತ್ತಿದಳು.

ಕರಕರ.

ಮೊದಲು ಅವಳಿಗೆ ನಗು ಬಂತು. ಮೂರು ಸಲ, ಎರಡೆರಡು ಕಾಯಿಲ್, ಅಷ್ಟು ತಂತಿ, ಅಷ್ಟು ಅಂಟು, ಅಷ್ಟು ಬೈಗುಳ, ಎಲ್ಲ ಹಾಡಿನೊಳಗೇ ಇದ್ದ ಸದ್ದನ್ನು ಓಡಿಸಲು. ಮನೆಯೊಡೆಯನನ್ನೇ ಕಳ್ಳನೆಂದು ಹಿಡಿದು ಬಡಿದಂತಾಯಿತು. ಸ್ಪೀಕರ್ ರಿಪೇರಿಯವರ ಹೊರತು ಇನ್ನಾರಿಗೂ ಇಂಥ ದಡ್ಡತನ ಹೊಳೆಯದು. ನಗುತ್ತ ಸ್ಟೂಲಿನ ಮೇಲೆ ಕೂತವಳು ಹಾಗೇ ಕೇಳತೊಡಗಿದಳು. ಅಲ್ಲಿಯವರೆಗೆ ಅವಳು ಅದನ್ನು ಹಾಡೆಂದು ಕೇಳಿಯೇ ಇರಲಿಲ್ಲ. ವೈದ್ಯ ರೋಗಿಯ ಎದೆ ಕೇಳುವ ಹಾಗೆ ಕೇಳಿದ್ದಳು.

ಆ ಹೆಂಗಸಿನ ದನಿಯಲ್ಲಿ ಸಕ್ಕರೆ ಇರಲಿಲ್ಲ. ತುಸು ಒರಟು, ಅಂಚು ಸವೆದ ದನಿ, ಬೆಳಗಿನಿಂದ ಯಾರನ್ನೋ ಕೂಗಿ ಕರೆದು ದಣಿದವಳಂತೆ. ಆದರೆ ಕಾಲು ಊರಿ ನಿಂತ ದನಿ. ಕಬ್ಬಿಣದ ನಾದ ಒಂದು ಕಡೆ ಎಳೆದರೆ ಅವಳು ಇನ್ನೊಂದು ಕಡೆ ಎಳೆಯುತ್ತಿದ್ದಳು, ಇಬ್ಬರೂ ಬೀಳುತ್ತಿರಲಿಲ್ಲ. ಮುಂದಿನ ಹಾಡಿನಲ್ಲಿ ಇನ್ನೊಬ್ಬಳು, ಎಳೆಯ ವಯಸ್ಸಿನವಳಿರಬೇಕು, ಗಿಟಾರು ಹಿಡಿದು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಒಂದೊಂದು ಸಲಕ್ಕೂ ಒಂದೊಂದು ಮುಖ. ಮೊದಲು ಕೇಳಿದಂತೆ, ಆಮೇಲೆ ಬೇಡಿದಂತೆ, ಆಮೇಲೆ "ಕೊಡದಿದ್ದರೆ ಬಿಡು" ಎಂದಂತೆ. ಅದಾದ ಮೇಲೆ ಒಬ್ಬ ವಯಸ್ಸಾದವಳು, ಅವಳ ಹಿಂದೆ ನಾಲ್ಕೈದು ಹೆಂಗಸರು ಚಪ್ಪಾಳೆ ತಟ್ಟಿ ಉತ್ತರ ಕೊಡುವವರು. ಅವಳು ಏನೋ ದೂರು ಹೇಳಿದರೆ ಅವರು, ಹೌದೌದು, ನಮ್ಮನೇಲೂ ಅಷ್ಟೇ, ಎನ್ನುವಂತಿತ್ತು. ಭಾಷೆ ಒಂದಕ್ಷರ ಗೊತ್ತಿಲ್ಲ. ಆದರೂ ಯಾರ ಮಾತೂ ಅರ್ಥವಾಗದೆ ಉಳಿಯಲಿಲ್ಲ. ಅವಳು ಬೆಳೆದ ಮನೆಯಲ್ಲಿ ಹುಡುಗಿಯರು ದನಿ ಎತ್ತಿದರೆ, "ಗಂಟಲು ಇಳಿಸು" ಎನ್ನುತ್ತಿದ್ದರು. ಇಳಿಸಿ ಇಳಿಸಿ ಅವಳ ಗಂಟಲು ಎಲ್ಲಿಗೆ ಹೋಗಿತ್ತೋ. ಇಲ್ಲಿ ಇಪ್ಪತ್ತೆರಡು ಹೆಂಗಸರು ಗಂಟಲು ಇಳಿಸದೆ ಹಾಡುತ್ತಿದ್ದರು, ಯಾರೂ ಅವರನ್ನು ತಡೆದಂತಿರಲಿಲ್ಲ. ತಡೆದಿದ್ದರೂ ಅವರು ಕೇಳಿದಂತಿರಲಿಲ್ಲ.

ತಂಗಿಯ ಊಟದ ಖಾಲಿ ಡಬ್ಬಿ ಒಯ್ಯಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು.

"ಯಾರೇ ಇದು? ಹಾಡ್ತಿದಾಳೋ, ಜಗಳ ಆಡ್ತಿದಾಳೋ?"

"ಎರಡೂ ಅಂತ ಕಾಣುತ್ತೆ ಅತ್ತಿಗೆ."

"ಹಾಗಿದ್ರೆ ಮದುವೆಯಾದವಳೇ." ಅತ್ತಿಗೆ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ಇನ್ನೂ ಸ್ವಲ್ಪ ಕೇಳಿದಳು. "ಏನು ಹೇಳ್ತಾಳೆ?"

"ಗೊತ್ತಿಲ್ಲ."

"ನನಗೆ ಗೊತ್ತು. ಉಂಡ ತಟ್ಟೆ ಎತ್ತಿಡಿ ಅಂತಿದಾಳೆ." ಅಂದು ಹೊರಟುಹೋದಳು.

ನಗು ಇಳಿದ ಮೇಲೆ ಇನ್ನೊಂದು ಯೋಚನೆ ಮೆಲ್ಲಗೆ ಹತ್ತಿಕೊಂಡಿತು. ಕರಕರ ಹಾಡಿನಲ್ಲೇ ಇದ್ದರೆ ಅದು ಹೋಗುವುದು ಹೇಗೆ? ಅಣ್ಣ "ಹೋಯ್ತು" ಎಂದನಲ್ಲ. ಮೊದಲ ದಿನ "ಅಂತಿದೆ" ಎಂದಾಗ ಅವನು ನೋಡಿದ್ದು ಏನನ್ನು? ತನ್ನ ಮುಖವನ್ನು. ವಾಪಸ್ ಬಂದ ಆ ನಾಲ್ಕು ಸ್ಪೀಕರಿಗೂ ಅವನೇ ಕೊನೆಯಲ್ಲಿ ಕೇಳಿ ಸಹಿ ಹಾಕಿದ್ದ, ಅವನ ಆ ಹಳೇ ಹಾಡಿನಲ್ಲಿ. ಆ ಹಾಡು ಕೇಳಲು ಅವನಿಗೆ ಕಿವಿಯೇ ಬೇಕಿರಲಿಲ್ಲ. ಕೊಳಲು ಏರುವ ಜಾಗದಲ್ಲಿ ಅವನ ನೆನಪೇ ಕೊಳಲು ಊದುತ್ತಿತ್ತು. ಅವನು ಕೂರಿಸಿದ ಕಾಯಿಲ್ ವಾಲಿ ಉಜ್ಜುತ್ತಿದ್ದರೂ ಅವನಿಗೆ ಕೇಳಿಸಿರಲಿಕ್ಕಿಲ್ಲ. ಗೊತ್ತಿಲ್ಲದ ಹೆಂಗಸು ಗೊತ್ತಿಲ್ಲದ ಭಾಷೆಯಲ್ಲಿ ಹಾಡಿದಾಗ ನೆನಪಿನ ಬುತ್ತಿ ಖಾಲಿ. ಮೂವತ್ತು ವರ್ಷ ದಿನವಿಡೀ ಸ್ಪೀಕರಿಗೆ ಕಿವಿ ಕೊಟ್ಟು ಕೂತವನ ಕಿವಿ ಸವೆಯದೆ ಇರುತ್ತದೆಯೆ?

ಸಿಟ್ಟು ಬಂತು, ಅದರ ಹಿಂದೆಯೇ ಅಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಸಂಜೆ ಅಂಗಡಿ ಗುಡಿಸುವಾಗ ಆದಷ್ಟು ಮೆತ್ತಗೆ ಎತ್ತಿದಳು. "ಅಣ್ಣ, ಒಂದ್ಸಲ ಕಿವಿ ಡಾಕ್ಟರ ಹತ್ರ ತೋರಿಸ್ಕೊಂಡ್ರೆ ಹೇಗೆ?"

"ಯಾಕೆ, ನಿನಗೇನಾಯ್ತು?"

"ನನಗಲ್ಲ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿಗೆ ಒಗೆದ. "ನಿನ್ನ ಕೈಗೆ ಡಾಕ್ಟರ್ ಹುಡುಕು ಮೊದಲು. ನನ್ನ ಕಿವಿ ಮೇಲೆ ಈ ಮನೆ ಮೂವತ್ತು ವರ್ಷ ಉಂಡಿದೆ. ನೀನೂ ಉಂಡಿದೀಯ." ಬಟ್ಟೆಯನ್ನು ಮತ್ತೆ ಎತ್ತಿಕೊಂಡು, "ಆ ರೆಡಿ ಕಾಯಿಲಿಗೆ ಫ್ಯಾಕ್ಟರಿಗೆ ಫೋನ್ ಮಾಡಿದೀನಿ. ವಾರದೊಳಗೆ ಬರುತ್ತೆ. ಯಂತ್ರ ನಾಳೆ ಬಿಚ್ಚಿಡ್ತೀನಿ, ಜಾಗ ಆಗುತ್ತೆ," ಎಂದ.

ಅವಳು ಕಸ ಎತ್ತಿದಳು.

ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅಣ್ಣ ಒಳಕೋಣೆಯಲ್ಲಿ ಮೊಣಕಾಲೂರಿ ಕೂತು ಯಂತ್ರದ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದ್ದ. ನಾಲ್ಕರಲ್ಲಿ ಎರಡು ಬಿಚ್ಚಿಯಾಗಿತ್ತು. ತುಕ್ಕು ಹಿಡಿದ ಮೂರನೆಯದು ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಅವನ ಬೋಳು ನೆತ್ತಿಯ ಮೇಲೆ ಬೆವರು ನಿಂತಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಯಂತ್ರದ ಮುಂದೆ ಅವಳ ಬೆರಳು ಹಿಡಿದು ತಂತಿ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಕಲಿಸಿದವನು ಇವನೇ. "ತುಂಬಾ ಎಳೀಬೇಡ, ಕೂಸಿನ ಕೂದಲು ಬಾಚಿದ ಹಾಗೆ" ಎಂದಿದ್ದ.

"ಮಾಸ್ಟರ್ ಇದಾರಾ?" ಮೇಡಂ ಬಂದರು. ಚಪ್ಪಲಿ ಬಿಡುವ ಮೊದಲೇ ಕಣ್ಣು ಸ್ಪೀಕರಿನ ಮೇಲೆ. "ಆಯ್ತಾ? ಸಹಿ ಬಿದ್ದಿದೆಯಲ್ಲ. ಹಾಕಲಾ?" ಪೆನ್‌ಡ್ರೈವ್ ತಾವೇ ಚುಚ್ಚಿ ಹಾಡು ಒತ್ತಿದರು. ಮೂರನೆಯದೇ. ಕಬ್ಬಿಣದ ನಾದ ಅಂಗಡಿಯನ್ನು ತುಂಬಿಕೊಂಡಿತು. ಮೇಡಂನ ಭುಜಗಳು ತಾವಾಗಿಯೇ ಆಡತೊಡಗಿದವು.

"ಅಬ್ಬ, ಬಂತು. ಈ ಕರಕರ ಇದೆಯಲ್ಲ, ಇದೇ ಬೇಕಿತ್ತು ನನಗೆ. ಬೇರೆ ಅಂಗಡಿಗೆ ಕೊಟ್ಟಿದ್ರೆ ಹುಟ್ಟಡಗಿಸಿಬಿಡ್ತಿದ್ರು."

ಅಣ್ಣ ಸ್ಪ್ಯಾನರ್ ಹಿಡಿದೇ ಹೊರಗೆ ಬಂದ. ಮೇಡಂನ ಬಾಯಿ ಆಡಿದ್ದನ್ನು ಕಂಡ, ಕರಕರ ಎಂಬ ಮಾತನ್ನು ಹಿಡಿದ. ಉಳಿದದ್ದು ಹಾಡಿನಲ್ಲಿ ಹೋಯಿತು.

"ಕರಕರ ಇತ್ತು ಮೇಡಂ, ಇಲ್ಲ ಅನ್ನಲ್ಲ. ಇವಳ ಕೈ ಈಗ ನೆಟ್ಟಗಿಲ್ಲ. ಮೂರು ಸಲ ಬಿಚ್ಚಿಸಿದೆ. ಈಗ ನೋಡಿ, ಹುಡುಕಿದ್ರೂ ಸಿಗಲ್ಲ. ಇನ್ಮೇಲೆ ಇವಳ ಕೈಲಿ ಸುತ್ತಿಸಲ್ಲ. ಯಂತ್ರ ಬಿಚ್ತಾ ಇದೀನಿ."

ಮೇಡಂ ತಮಾಷೆ ಎಂದುಕೊಂಡು ನಕ್ಕರು. ಅವನು ನಗದ್ದನ್ನು ಕಂಡು ದನಿ ಏರಿಸಿದರು. "ಇದೆಯಲ್ಲ ಮಾಸ್ಟರ್, ಈಗಲೂ ಇದೆ. ಅದು ಹಾಡಿನಲ್ಲೇ ಇರೋದು. ಅದೊಂದು ಹಲಗೆ, ಅದಕ್ಕೆ ಕಬ್ಬಿಣದ ಪಟ್ಟಿ ಬಡಿದಿರ್ತಾರೆ, ಹೆಬ್ಬೆರಳಲ್ಲಿ ಮೀಟ್ತಾರೆ. ಸುತ್ತ ಕಪ್ಪೆಚಿಪ್ಪು, ಬಾಟ್ಲಿ ಮುಚ್ಚಳ ಕಟ್ಟಿರ್ತಾರೆ, ಕರಕರ ಅನ್ಲಿ ಅಂತಲೇ. ಅದಿಲ್ದೆ ಬಾರಿಸಿದ್ರೆ ಅವರಿಗೆ ಉಪ್ಪಿಲ್ಲದ ಊಟ. ಈ ಹಾಡೋಳು ಅದನ್ನ ಬಾರಿಸೋಕೆ ಕೂತಾಗ ಗಂಡಸರ ವಾದ್ಯ ನಿನಗ್ಯಾಕೆ ಅಂತ ಮನೆಯವರೇ ಬೈದ್ರಂತೆ. ಕೇಳಲಿಲ್ಲ. ಈಗ ಊರೂರಿಗೆ ಕರೀತಾರೆ. ಎಷ್ಟು ಗಟ್ಟಿ ದನಿ ನೋಡಿ, ಅಲ್ವಾ ಅಕ್ಕಾ?"

ಅಣ್ಣ ಸ್ಪೀಕರನ್ನು ನೋಡಿದ. ಆಮೇಲೆ ತಂಗಿಯ ಮುಖ ನೋಡಿದ. ಆ ನೋಟ ಅವಳಿಗೆ ಈಗ ಗೊತ್ತಿತ್ತು. ಇಷ್ಟು ದಿನ ಅವನ ಕಿವಿ ಅವಳ ಮುಖವೇ ಆಗಿತ್ತು. ಇದೆಯಾ, ಇಲ್ಲವಾ, ಹೇಳು, ಎನ್ನುತ್ತಿದ್ದವು ಕಣ್ಣುಗಳು. ಅಷ್ಟು ವರ್ಷದಲ್ಲಿ ಅವನು ಅವಳನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಅವಳು ಸುಮ್ಮನೆ ತಲೆ ಆಡಿಸಿದ್ದರೂ ಸಾಕಿತ್ತು. "ಹೌದು ಅಣ್ಣ, ಅದೇ ಬೇರೆ ಕರಕರ, ನೀನು ತೆಗೆದಿದ್ದೇ ಬೇರೆ" ಎಂದು ಏನಾದರೂ ಹೊಸೆದು ಹೇಳಬಹುದಿತ್ತು. ಮೇಡಂ ನಂಬುತ್ತಿದ್ದರು. ಅವಳಿಗೆ ಮಾತು ಸಿಕ್ಕಿಯೂ ಇತ್ತು.

ಅವಳ ಕಣ್ಣು ಅವನ ಕೈಯ ಸ್ಪ್ಯಾನರಿನ ಮೇಲೆ ಹೋಯಿತು.

"ಅಣ್ಣನಿಗೆ ಕಿವಿ ಕೇಳಿಸಲ್ಲ ಮೇಡಂ," ಎಂದಳು ತಗ್ಗಿದ ದನಿಯಲ್ಲಿ. "ವಾಪಸ್ ಬಂದ ನಾಲ್ಕೂ ನನ್ನ ಕೈ ತಪ್ಪಲ್ಲ."

"ಏನಂದೆ?" ಎಂದ ಅಣ್ಣ.

ಮೇಡಂ ಅವಳ ಕಡೆ ನೋಡಿ, ಬೇಡ, ಎಂಬಂತೆ ಕಣ್ಣು ಸನ್ನೆ ಮಾಡಿದರು. ಹಾಡು ನಡೆದೇ ಇತ್ತು.

"ಏನಂದೆ ಅಂತ ಕೇಳ್ತಿದೀನಿ. ಗೊಣಗಬೇಡ. ಬಾಯಿ ಬಿಟ್ಟು ಹೇಳು."

ಅವಳು ಬಾಯಿ ಬಿಟ್ಟು ಹೇಳಿದಳು. ಗಂಟಲು ಎಲ್ಲಿತ್ತೋ ಅಲ್ಲಿಂದ ಎದ್ದು ಬಂತು. "ನಿನಗೆ ಕಿವಿ ಕೇಳಿಸಲ್ಲ ಅಂದೆ. ಕಿವುಡ ಆಗಿದೀಯ ಅಂದೆ. ಗೊತ್ತಿದ್ದೂ ಅದನ್ನ ನನ್ನ ಕೈಗೆ ಕಟ್ಟಿದೆ ಅಂದೆ."

ಪಕ್ಕದ ಸೈಕಲ್ ಅಂಗಡಿಯವನು ಪಂಪು ಒತ್ತುವುದನ್ನು ನಿಲ್ಲಿಸಿ ಇಣುಕಿದ. ಎದುರಿನ ಟೈಲರು ಕನ್ನಡಕ ಮೇಲೆತ್ತಿದ. ಮೇಡಂ ಕೈ ಚಾಚಿ ಹಾಡು ನಿಲ್ಲಿಸಿದರು. ನಿಲ್ಲಿಸಬಾರದಿತ್ತು. ಆ ಮಾತು ಇನ್ನೂ ಅಲ್ಲೇ ನೇತಾಡುತ್ತಿರುವುದು ಎಲ್ಲರಿಗೂ ಕೇಳಿಸಿತು.

ಅಣ್ಣ ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಅವಳ ಬಳಿ ಉತ್ತರವಿತ್ತು. ಆರು ತಿಂಗಳ ಉತ್ತರ ಸಾಲಾಗಿ ನಿಂತಿತ್ತು. ಅವನು ಬೈಯಲಿಲ್ಲ. ಸ್ಪ್ಯಾನರನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ. ಮೇಡಂ, "ಮಾಸ್ಟರ್, ವಯಸ್ಸಲ್ಲಿ ಎಲ್ಲರಿಗೂ ಇದ್ದದ್ದೇ, ಈಗ ಕಿವಿಗಿಡೋ ಮಿಷನ್ ಬರುತ್ತೆ" ಎಂದು ಏನೋ ಹೇಳುತ್ತಿದ್ದರು. ಅವನು ಅವರ ತುಟಿಯನ್ನೂ ನೋಡಲಿಲ್ಲ. ಚಪ್ಪಲಿ ಮೆಟ್ಟಿದ. ಒಂದು ಕಾಲಿನದು ಸರಿಯಾಗಿ ಸೇರದೆ ಎರಡು ಸಲ ಪ್ರಯತ್ನಿಸಿದ. ಮೆಟ್ಟಿಲಿಳಿದು, ಸೈಕಲ್ ಅಂಗಡಿಯ ಮುಂದೆ ಹಾದು, ತಿರುವಿನಲ್ಲಿ ಮರೆಯಾದ. ಹಿಂದಿನಿಂದ ಬಂದ ಆಟೋದವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಅವನು ಬೀದಿಯ ನಡುವೆಯೇ ನಡೆದ.

ಮೇಡಂ ಸ್ಪೀಕರನ್ನು ಆಮೇಲೆ ಬಂದು ಒಯ್ಯುತ್ತೇನೆಂದು ಹೋದರು. ಗಿರಾಕಿಗಳು ಇಬ್ಬರು ಬಂದರು. "ಮಾಸ್ಟರ್ ಇಲ್ವಾ?" "ಬರ್ತಾರೆ." ಊಟದ ಹೊತ್ತಾಯಿತು. ಅತ್ತಿಗೆ ಮನೆಯಿಂದ ಬಂದಳು.

"ಎಲ್ಲಿ ಇವರು? ಅನ್ನ ಆರ್ತಿದೆ."

ತಂಗಿ ನಡೆದದ್ದನ್ನು ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ, ತನ್ನ ಮಾತನ್ನೂ. ಅತ್ತಿಗೆ ಅವಳ ಸ್ಟೂಲನ್ನೇ ಎಳೆದುಕೊಂಡು ಕೂತಳು.

"ನನಗೆ ಎರಡು ವರ್ಷದಿಂದ ಗೊತ್ತು ಕಣೇ," ಎಂದಳು. "ಕುಕ್ಕರ್ ಕೂಗಿದ್ದು ಗೊತ್ತಾಗಲ್ಲ. ಬಾಗಿಲಲ್ಲಿ ನಿಂತು ಕರೆದ್ರೆ ತಿರುಗಲ್ಲ. ಹತ್ರ ಹೋಗಿ ಭುಜ ಮುಟ್ಟಿ ಮಾತಾಡ್ತಿದ್ದೆ. ನಾನು ಅಷ್ಟು ಜೋರಾಗಿ ಯಾಕೆ ಮಾತಾಡ್ತೀನಿ ಅಂದ್ಕೊಂಡಿದ್ದೆ ನೀನು, ಕೊಬ್ಬಿಗಾ? ಎರಡು ವರ್ಷ ಸೆರಗಲ್ಲಿ ಮುಚ್ಕೊಂಡು ಬಂದಿದ್ದನ್ನ ತಗೊಂಡು ಹೋಗಿ ಬೀದಿಗೆ ಹಾಕಿದ್ಯಲ್ಲ."

"ನನ್ನ ಕೈ ಕೆಟ್ಟಿದೆ ಅಂತ ಆರು ತಿಂಗಳು ಬೀದಿಗೆ ಹೇಳಿದ್ನಲ್ಲ ಅತ್ತಿಗೆ, ಅದು? ಗೊತ್ತಿದ್ದೂ ನೀವು ಸುಮ್ಮನಿದ್ರಲ್ಲ, ಅದು?"

ಅತ್ತಿಗೆ ಎದ್ದು ಬಾಗಿಲಿಗೆ ಹೋಗಿ ಬೀದಿಯ ಎರಡೂ ತುದಿ ನೋಡಿದಳು.

ಸಂಜೆಯಾಯಿತು. ಶಟರ್ ಎಳೆಯುವುದು ಯಾವಾಗಲೂ ಅವನ ಕೆಲಸ. ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಎಡಗಡೆ ಒಂದು ಒದೆ ಕೊಡಬೇಕು. ಇಬ್ಬರೂ ಸೇರಿ ಎಳೆದರು. ಮನೆಯಲ್ಲಿ ಅವನ ತಟ್ಟೆ ಬೋರಲಾಗಿಯೇ ಇತ್ತು. ಮರುದಿನ ಅತ್ತಿಗೆ ಅವನ ಪರಿಚಯದವರಿಗೆಲ್ಲ ಫೋನ್ ಮಾಡಿದಳು. ತಂಗಿ ಅಂಗಡಿ ತೆಗೆದು, ಬಿಚ್ಚಿದ್ದ ಎರಡು ಬೋಲ್ಟುಗಳನ್ನು ಮತ್ತೆ ಬಿಗಿದಳು. ಬಿಗಿದ ಮೇಲೆ ಸುತ್ತಲು ಕೂತರೆ ಎಣಿಕೆ ನಲವತ್ತರ ಮುಂದೆ ಹೋಗಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ.

ಮೂರನೆಯ ದಿನ ಅತ್ತಿಗೆ ಮಂಚದ ಮೇಲೆ ಅವನ ಅಂಗಿಗಳನ್ನು ಹರಡಿಕೊಂಡು ಮಡಿಸುತ್ತಿದ್ದಳು.

"ನಿಮ್ಮಣ್ಣನ ಫೋನ್ ಬಂದಿತ್ತು. ಹಳೇ ಸ್ನೇಹಿತ ಒಬ್ಬರಿದಾರಲ್ಲ, ಸಮಾರಂಭಕ್ಕೆ ದೀಪ ಹಾಕೋರು, ಅವರ ಊರಲ್ಲಿದಾರಂತೆ. ಅವರ ಜೊತೆ ಕೆಲಸಕ್ಕೆ ನಿಂತಿದಾರಂತೆ. ನಾಲ್ಕು ಅಂಗಿ ಕಳಿಸು ಅಂದ್ರು."

"ನನ್ನ ಬಗ್ಗೆ ಏನಾದ್ರೂ?"

"ಇಲ್ಲ."

ತಂಗಿ ಒಂದು ಅಂಗಿ ಎತ್ತಿಕೊಳ್ಳಲು ಹೋದಳು. ಅತ್ತಿಗೆ ಅದನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಮಡಿಸಿದಳು.

"ವಾಪಸ್ ಯಾವಾಗ ಅಂತ ಕೇಳಿದ್ರಾ ಅತ್ತಿಗೆ?"

"ಕೇಳ್ದೆ. ಮೂರು ಸಲ ಕೇಳ್ದೆ, ಕೂಗಿ ಕೇಳ್ದೆ. ಕೇಳಿಸ್ತೋ ಇಲ್ವೋ. ಫೋನ್ ಇಟ್ಬಿಟ್ರು."

ಅಂಗಿಗಳು ಹೋದವು. ಅವನು ಬರಲಿಲ್ಲ.